ಬಾಡಿಗೆ ಮನೆಗೆ ಯಾವ ಖಾತೆ: ಸೆಲ್ಫ್ ಡೈರೆಕ್ಟೆಡ್ ಐಆರ್‌ಎಯೋ, ಸೋಲೋ 401(ಕೆ)ಯೋ?

ಅಮೆರಿಕದಲ್ಲಿ ನಿವೃತ್ತಿ ಹಣದಿಂದ ಬಾಡಿಗೆ ಮನೆ ಕೊಳ್ಳುವವರು ಮೊದಲು ನೋಡಬೇಕಾದ್ದು ಸಾಲ. ಪೂರ್ತಿ ನಗದಾದರೆ ಸೆಲ್ಫ್ ಡೈರೆಕ್ಟೆಡ್ ಐಆರ್‌ಎ (ಹೂಡಿಕೆಯನ್ನು ನೀವೇ ಆರಿಸುವ ವೈಯಕ್ತಿಕ ನಿವೃತ್ತಿ ಖಾತೆ), ಸೋಲೋ 401(ಕೆ) (ಸ್ವಂತ ದುಡಿಮೆಯವರ ನಿವೃತ್ತಿ ಪ್ಲಾನ್) ಎರಡೂ ನಡೆಯುತ್ತವೆ. ಸಾಲ ಎತ್ತುವುದಾದರೆ ಅದು ನಾನ್-ರಿಕೋರ್ಸ್ ಆಗಿರಬೇಕು, ಅಂದರೆ ತೀರದಿದ್ದರೆ ಸಾಲ ಕೊಟ್ಟವರು ಆ ಮನೆಯನ್ನಷ್ಟೇ ಹಿಡಿಯಬಹುದು. ನೀವು ಜಾಮೀನು ನಿಲ್ಲುವಂತಿಲ್ಲ. ಆಗ ಐಆರ್‌ಎಯಲ್ಲಿ ಸಾಲದ ಪಾಲಿನ ಆದಾಯಕ್ಕೆ ತೆರಿಗೆ ಬೀಳುತ್ತದೆ: ಅಂಥ ಒಟ್ಟು ಆದಾಯ ವರ್ಷಕ್ಕೆ 1,000 ಡಾಲರ್ ಮುಟ್ಟಿದರೆ ಫಾರ್ಮ್ 990-ಟಿ ಸಲ್ಲಿಸಿ, ತೆರಿಗೆಯನ್ನು ಖಾತೆಯಿಂದಲೇ ಕಟ್ಟಬೇಕು. ಸೋಲೋ 401(ಕೆ)ಯಲ್ಲಿ ಮನೆ ಕೊಳ್ಳಲು ತೆಗೆದ ಸಾಲಕ್ಕೆ ಸಾಮಾನ್ಯವಾಗಿ ಈ ತೆರಿಗೆಯಿಲ್ಲ. ಸಾಲವಿದ್ದರೆ ನಮ್ಮ ಮತ ಇದಕ್ಕೇ.

ಆದರೆ ಇದಕ್ಕೆ ಸ್ವಂತ ದುಡಿಮೆಯ ಆದಾಯ ಬೇಕು, ಸಂಗಾತಿಯ ಹೊರತು ಪೂರ್ಣಾವಧಿ ನೌಕರರು ಇರಬಾರದು. ಎಚ್-1ಬಿ ಸಂಬಳವೊಂದೇ ಇರುವ ನಮ್ಮವರಿಗೆ ಉಳಿಯುವುದು ಐಆರ್‌ಎ. ಪ್ಲಾನ್‌ನ ಆಸ್ತಿ 2,50,000 ಡಾಲರ್ ದಾಟಿದರೆ ಫಾರ್ಮ್ 5500-ಇಜಡ್ ಎಂಬ ವಾರ್ಷಿಕ ವರದಿ ಕೂಡ ನಿಮ್ಮ ತಲೆಗೇ.

ಹೆಚ್ಚಿನವರು ಎಡವುವುದು ಕರಾರಿನಲ್ಲಿ. ಐಆರ್‌ಎಯಾದರೆ ಕೊಳ್ಳುವವರ ಜಾಗದಲ್ಲಿ ನಿಮ್ಮ ಹೆಸರಲ್ಲ, 'ಕಸ್ಟೋಡಿಯನ್ (ಖಾತೆಯನ್ನು ಇಟ್ಟುಕೊಂಡ ಸಂಸ್ಥೆ), ಇಂಥವರ ಐಆರ್‌ಎ ಪರವಾಗಿ' ಎಂದಿರಬೇಕು. ಮುಂಗಡವೂ ಖಾತೆಯಿಂದಲೇ ಹೋಗಬೇಕು. ಸೋರುವ ನಲ್ಲಿಗೆ ಪ್ಲಂಬರ್ ಕರೆಸಿ ಖಾತೆಯಿಂದ ಕೊಡಿ. ನೀವೇ ಸ್ಪ್ಯಾನರ್ ಹಿಡಿದರೆ ನಿಷಿದ್ಧ ವ್ಯವಹಾರದ (ಖಾತೆಗೂ ನಿಮಗೂ ಅಥವಾ ನಿಮ್ಮ ಹತ್ತಿರದವರಿಗೂ ನಡುವೆ ನಡೆಯಬಾರದ ವ್ಯವಹಾರದ) ಗುಮಾನಿ ಬರುತ್ತದೆ. ಅಪ್ಪ-ಅಮ್ಮ, ಮಕ್ಕಳು, ಸೊಸೆ-ಅಳಿಯ ಅಲ್ಲಿ ಬಾಡಿಗೆಗೂ ಇರುವಂತಿಲ್ಲ. (ಒಡಹುಟ್ಟಿದವರು ಈ ಪಟ್ಟಿಯಲ್ಲಿಲ್ಲ, ವಿಚಿತ್ರವೆನಿಸಿದರೂ.)

ಐಆರ್‌ಎಯಲ್ಲಿ ನೀವೇ ಇಂಥ ತಪ್ಪು ಮಾಡಿದರೆ ಇಡೀ ಖಾತೆಯ ಹಣವನ್ನು ಆ ವರ್ಷದ ಜನವರಿ 1ಕ್ಕೇ ನೀವು ಹಿಂತೆಗೆದಂತೆ ಲೆಕ್ಕ. ಸೋಲೋ 401(ಕೆ)ಯಲ್ಲಿ ಮೊದಲ ಪೆಟ್ಟು ಆ ವ್ಯವಹಾರದ ಮೊತ್ತದ 15% ತೆರಿಗೆ, ಸರಿಪಡಿಸದಿದ್ದರೆ 100%.