ಸಿಹಿಗುಂಬಳದ ಕಾಫಿ ಕ್ರೀಮರ್: ಕ್ರೀಮ್, ತೆಂಗಿನಹಾಲು, ಬಾದಾಮಿ ಹಾಲು

ಅಮೆರಿಕದಲ್ಲಿ ಎಲೆ ಉದುರುವ ಕಾಲಕ್ಕೆ ಕುಡಿಯುವ ಸಿಹಿಗುಂಬಳ ಮಸಾಲೆಯ ಕಾಫಿ ನಮ್ಮ ಮುಂಬಯಿಯಲ್ಲೂ ಹೆಸರು ಮಾಡಿದೆ. ಇಲ್ಲಿ ಆಗ ಅಕ್ಟೋಬರ್ ಹೀಟ್, ಬೆವರು ಸುರಿಯುತ್ತಿರುತ್ತದೆ. ಆದರೂ ಆ ಚಕ್ಕೆ, ಜಾಯಿಕಾಯಿಯ ಘಮ ನನಗೆ ತುಂಬಾ ಇಷ್ಟ. ಬೇಡವಾದದ್ದು ಸಕ್ಕರೆ ಮಾತ್ರ. ಕಾಫಿಗೆ ಹಾಲಿನ ಬದಲು ಬೆರೆಸುವುದಕ್ಕೆ ಕ್ರೀಮರ್ ಅಂತಾರೆ. ಅಂಗಡಿಯ ಕ್ರೀಮರ್ ಪುಡಿಗಳಲ್ಲಿ ಸಾಮಾನ್ಯವಾಗಿ ಗ್ಲೂಕೋಸ್ ಸಿರಪ್ಪೇ ಜಾಸ್ತಿ. ಹಾಗಾಗಿ ಮನೆಯಲ್ಲೇ ಮೂರು ಬಗೆ ಮಾಡಿ, ಚಿಕೋರಿ ಬೆರೆಸಿದ ಫಿಲ್ಟರ್ ಕಾಫಿಗೆ ಹಾಕಿ ನೋಡಿದೆ.

ಮಸಾಲೆ ಮೂರಕ್ಕೂ ಒಂದೇ: ಎರಡು ಇಂಚು ಚಕ್ಕೆ, ಮೂರು ಲವಂಗ, ಚಿಟಿಕೆ ಒಣಶುಂಠಿ, ಕೊನೆಗೆ ತುರಿದ ಜಾಯಿಕಾಯಿ. ಚಕ್ಕೆಪುಡಿ ಹಾಕಬೇಡಿ. ಅದು ಕರಗುವುದಿಲ್ಲ, ಲೋಳೆಯಾಗಿ ಲೋಟದ ತಳಕ್ಕೆ ಕೂರುತ್ತದೆ. ಇಡೀ ಚಕ್ಕೆಯನ್ನೇ ಸಣ್ಣ ಉರಿಯಲ್ಲಿ ಬಿಸಿಮಾಡಿ, ಮುಚ್ಚಿಟ್ಟು, ಆಮೇಲೆ ಸೋಸಿ.

ಮೊದಲು ಕ್ರೀಮ್. ಪೊಟ್ಟಣದಲ್ಲಿ ಸಿಗುವ, 25% ಕೊಬ್ಬಿನ ಫ್ರೆಶ್ ಕ್ರೀಮ್ ಒಂದು ಕಪ್ಪು, ನೀರು ಅರ್ಧ ಕಪ್ಪು. ಹಾಲಿನಲ್ಲಿ 100 ಮಿಲಿಗೆ ಸುಮಾರು 5 ಗ್ರಾಂ ಲ್ಯಾಕ್ಟೋಸ್, ಅಂದರೆ ಹಾಲಿನದೇ ಸಕ್ಕರೆ, ಇರುತ್ತದೆ. ಕ್ರೀಮಿನಲ್ಲಿ ಅದು ಕಡಿಮೆ, ಮೇಲಾಗಿ ಎರಡು ಚಮಚ ಹಾಕಿದರೆ ಕಾಫಿಗೆ ಸಾಕು. ಮಸಾಲೆಯ ಘಮ ಕೊಬ್ಬಿನಲ್ಲಿ ಚೆನ್ನಾಗಿ ಇಳಿಯುತ್ತದೆ. ಬಿಸಿ ಡಿಕಾಕ್ಷನ್ ಬಿದ್ದರೂ ಒಡೆಯಲಿಲ್ಲ, ಕಾಫಿಯ ರುಚಿಯನ್ನೂ ಮುಚ್ಚಲಿಲ್ಲ. ಕುದಿಸಬಾರದು, ಅಂಚಿನಲ್ಲಿ ಗುಳ್ಳೆ ಬಂದ ಕೂಡಲೇ ಇಳಿಸಿ.

ತೆಂಗಿನಹಾಲಿನ ಮೇಲೆ ನನಗೆ ಆಸೆ ಇತ್ತು. ಕರಾವಳಿಯವರಿಗೆ ಕಾಯಿ ಇಲ್ಲದೆ ಅಡುಗೆಯೇ ಇಲ್ಲ, ಅಲ್ವಾ? ಮೊದಲ ಹಿಂಡಿನ ಹಾಲು ದಪ್ಪ, ಜಾಯಿಕಾಯಿ ಜೊತೆ ಸೊಗಸಾಗಿ ಹೊಂದುತ್ತದೆ. ಆದರೆ ಕಾಫಿ ಸೋತಿತು. ಪಾಯಸಕ್ಕೆ ಡಿಕಾಕ್ಷನ್ ಬೆರೆಸಿದ ಹಾಗಾಯಿತು. ಫ್ರಿಜ್ಜಿನಲ್ಲಿ ಕೊಬ್ಬು ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ, ಪ್ರತಿ ಸಲ ಬೆಚ್ಚಗೆ ಮಾಡಬೇಕು. ಹಾಲು ಒಗ್ಗದವರಿಗೆ ಮಾತ್ರ ಇದನ್ನು ಹೇಳುತ್ತೇನೆ.

ಬಾದಾಮಿ ಹಾಲು ತೀರಾ ತೆಳು. ನೆನೆಸು, ಸಿಪ್ಪೆ ತೆಗೆ, ರುಬ್ಬು, ಸೋಸು, ಇಷ್ಟೆಲ್ಲ ಆದಮೇಲೆ ಕಾಫಿಯ ಹುಳಿಗೂ ಬಿಸಿಗೂ ಒಡೆದು ಚೂರುಚೂರಾಗುತ್ತದೆ. ಹಾಲನ್ನು ಮೊದಲು ಬೆಚ್ಚಗೆ ಮಾಡಿ, ಅದಕ್ಕೆ ಡಿಕಾಕ್ಷನ್ ನಿಧಾನವಾಗಿ ಹೊಯ್ದರೆ ಒಡೆಯುವುದು ಕಡಿಮೆ. ನನಗಂತೂ ಇಷ್ಟು ಕೆಲಸಕ್ಕೆ ತಕ್ಕ ರುಚಿ ಸಿಗಲಿಲ್ಲ.

ಇನ್ನು ಗುಂಬಳ. ಮಾಟುಂಗ ಮಾರ್ಕೆಟ್ಟಿನಲ್ಲಿ ‘ಲಾಲ್ ಭೋಪಳಾ’ ಅಂತ ಕೇಳಿದರೆ ತುಂಡು ಕತ್ತರಿಸಿ ಕೊಡುತ್ತಾರೆ. ನೀರಿನಲ್ಲಿ ಬೇಯಿಸದೆ ಹಬೆಯಲ್ಲಿ ಬೇಯಿಸಿ, ಬಾಣಲೆಯಲ್ಲಿ ನೀರಾರಿಸಿ, ರುಬ್ಬಿ ಸೋಸಿ. ಕ್ರೀಮರಿಗೆ ಎರಡು ಚಮಚ ಸಾಕು, ಅದರಿಂದ ಬರುವ ಕಾರ್ಬ್ (ಪಿಷ್ಟ, ಸಕ್ಕರೆ) ಅತ್ಯಲ್ಪ. ಬಣ್ಣ ಚೆಂದ ಬರುತ್ತದೆ, ಕ್ರೀಮರೂ ದಪ್ಪವಾಗುತ್ತದೆ. ಘಮವೆಲ್ಲ ಮಸಾಲೆಯದ್ದೇ. 2003ರಲ್ಲಿ ಅಮೆರಿಕದ ಕಾಫಿ ಕಂಪನಿ ಸ್ಟಾರ್‌ಬಕ್ಸ್ ಶುರುಮಾಡಿದ ಪಂಪ್ಕಿನ್ ಸ್ಪೈಸ್ ಲ್ಯಾಟೆಗೆ (ಗುಂಬಳ ಮಸಾಲೆಯ ಹಾಲು ಕಾಫಿಗೆ) ನಿಜವಾದ ಗುಂಬಳ ಸೇರಿದ್ದು 2015ರಲ್ಲಿ! ಆದ್ದರಿಂದ ಗುಂಬಳ ಸಿಗದಿದ್ದರೆ ಸುಮ್ನೆ ಬಿಟ್ಟುಬಿಡಿ.

ಸಿಹಿಗೆ ಸ್ಟೀವಿಯಾ (ಸಿಹಿ ಎಲೆಯ ಸಾರ) ಹಾಕಿದರೆ ಕೊನೆಗೆ ಕಹಿ ಉಳಿಯುತ್ತದೆ, ಚಿಕೋರಿ ಇದ್ದರಂತೂ ಇನ್ನೂ ಎದ್ದು ಕಾಣುತ್ತದೆ. ಸಕ್ಕರೆಯ ಬದಲು ಬಳಸುವ ಎರಿಥ್ರಿಟಾಲ್ ಪುಡಿಯ ರುಚಿ ಸಕ್ಕರೆಗೆ ಹತ್ತಿರ, ಆದರೆ ಫ್ರಿಜ್ಜಿನಲ್ಲಿ ಹರಳುಗಟ್ಟುತ್ತದೆ. ಅದಕ್ಕೇ ನಾನು ಕ್ರೀಮರನ್ನು ಸಪ್ಪೆಯಾಗಿಯೇ ಇಟ್ಟು, ಎರಿಥ್ರಿಟಾಲನ್ನು ಬಿಸಿ ಕಾಫಿಗೇ ಹಾಕಿ ಕಲಸುತ್ತೇನೆ. ಮನೆಯಲ್ಲಿ ಸಿಹಿ ಬೇಡದವರೂ ಅದೇ ಬಾಟಲಿಯಿಂದ ಹಾಕಿಕೊಳ್ಳಬಹುದು.