ನಾಲ್ಕು ಕಾರ್ಡ್ ಬದಲು ಒಂದೇ ಸಾಕಾ? ಬಳ್ಳಾರಿಯಲ್ಲಿ ಬಳಸಿ ನೋಡಿದ ಹೋಲಿಕೆ

ನಮ್ಮ ಬಳ್ಳಾರಿ ಕಡೆ ಒಬ್ಬೊಬ್ಬರ ಪರ್ಸ್‌ನಲ್ಲೂ ಮೂರ್ನಾಲ್ಕು ಎಟಿಎಂ ಕಾರ್ಡ್ ಇರುವುದು ಸುಮ್ನೆ ಅಲ್ಲ. ಹೊಲದ ಸಾಲ ಒಂದು ಬ್ಯಾಂಕ್‌ನಲ್ಲಿ, ವ್ಯಾಪಾರದ ಕರೆಂಟ್ ಅಕೌಂಟ್ ಇನ್ನೊಂದರಲ್ಲಿ, ಮನೆಯವರ ಸಂಬಳ ಮತ್ತೊಂದರಲ್ಲಿ. ಇದರ ಮೇಲೆ ಬ್ಯಾಂಕ್‌ಗಳೇ ಒಂದಾಗುತ್ತಾ ಬಂದವು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎಸ್‌ಬಿಐಗೆ ಸೇರಿತು, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಗೆ. 2025ರ ಮೇ 1ರಿಂದ ರಾಜ್ಯದ ಎರಡು ಗ್ರಾಮೀಣ ಬ್ಯಾಂಕ್‌ಗಳು ಕೂಡಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆದವು. ಅದರ ಪ್ರಧಾನ ಕಚೇರಿ ನಮ್ಮ ಊರಲ್ಲೇ ಇದೆ. ಬ್ಯಾಂಕ್‌ಗಳು ಸೇರಿದರೂ ಜನರ ಅಕೌಂಟ್‌ಗಳು ಹಾಗೇ ಉಳಿದವು.

ನಂದೊಂದು ಸಣ್ಣ ಜೀನ್ಸ್ ಹೊಲಿಗೆ ಯೂನಿಟ್. ದಾರ, ಜಿಪ್, ಗುಂಡಿಗೆ ಕೊಟ್ಟ ದುಡ್ಡು ಮನೆಯ ಕಿರಾಣಿ ಬಿಲ್ ಜೊತೆ ಬೆರೆತರೆ ಮಾರ್ಚ್ ತಿಂಗಳಲ್ಲಿ ಲೆಕ್ಕ ಬರೆಯುವುದು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ಅಕೌಂಟ್‌ಗಳು ಬೇರೆ ಬೇರೆಯೇ ಇರಲಿ. ಕೈಯಲ್ಲಿ ಹಿಡಿಯುವುದು ಮಾತ್ರ ಒಂದಾಗಬೇಕು, ಯಾವ ಅಕೌಂಟ್‌ನಿಂದ ಕೊಡಬೇಕು ಅಂತ ಕೊಡುವ ಹೊತ್ತಿಗೆ ನಾನು ಆರಿಸಬೇಕು. ನನ್ನ ಬೇಡಿಕೆ ಇಷ್ಟೇ. ಇದಕ್ಕೆ ಮೂರು ದಾರಿ ಬಳಸಿ ನೋಡಿದೆ.

ಹೊರದೇಶದಲ್ಲಿ ಇದಕ್ಕೆ ಎಷ್ಟೋ ಪ್ರಯತ್ನ ನಡೆದಿವೆ. 2013ರಲ್ಲಿ ಅಮೆರಿಕದ ಕಾಯಿನ್ ಅನ್ನೋ ಕಂಪನಿ ಎಂಟು ಕಾರ್ಡ್ ಒಂದರಲ್ಲೇ ಹಿಡಿಸುವ ಎಲೆಕ್ಟ್ರಾನಿಕ್ ಕಾರ್ಡ್ ತೋರಿಸಿತು. ಒಂದು ಗುಂಡಿ ಒತ್ತಿದರೆ ಕಾರ್ಡ್ ಬದಲಾಗುತ್ತಿತ್ತು. ಅದು ನಿಂತಿದ್ದು ಕಾರ್ಡ್ ಹಿಂಬದಿಯ ಕಪ್ಪು ಮ್ಯಾಗ್ನೆಟಿಕ್ ಪಟ್ಟಿಯ ಮೇಲೆ. ಪಟ್ಟಿಯಲ್ಲಿರುವ ಮಾಹಿತಿಯನ್ನು ನಕಲು ಮಾಡಬಹುದು, ಚಿಪ್ ಒಳಗಿನ ಗುಟ್ಟಿನ ಕೀಲಿಯನ್ನು ಹಾಗೆ ನಕಲು ಮಾಡಲು ಬರುವುದಿಲ್ಲ. ಅಂಗಡಿಗಳು ಚಿಪ್‌ಗೆ ತಿರುಗಿದ ಹಾಗೆ ಕಾಯಿನ್‌ನ ದಾರಿ ಮುಚ್ಚಿತು, 2016ರಲ್ಲಿ ಅದರ ಪೇಮೆಂಟ್ ತಂತ್ರಜ್ಞಾನವನ್ನು ಫಿಟ್‌ಬಿಟ್ ಕೊಂಡುಕೊಂಡಿತು. ಪ್ಲಾಸ್ಟ್ಕ್ ಅನ್ನೋ ಇನ್ನೊಂದು ಕಂಪನಿ ಮುಂಗಡ ಕೊಟ್ಟವರಿಗೆ ಕಾರ್ಡ್ ಕೊಡದೆಯೇ 2017ರಲ್ಲಿ ಬಾಗಿಲು ಹಾಕಿತು. ಲಂಡನ್‌ನ ಕರ್ವ್ ಮಾತ್ರ ಬೇರೆ ದಾರಿ ಹಿಡಿಯಿತು. ಅದೇ ಒಂದು ಚಿಪ್ ಕಾರ್ಡ್ ಕೊಡುತ್ತದೆ, ನೀವು ಉಜ್ಜಿದಾಗ ಹಣವನ್ನು ನೀವು ಆರಿಸಿದ ಬ್ಯಾಂಕ್ ಕಾರ್ಡ್‌ನಿಂದ ತೆಗೆದುಕೊಳ್ಳುತ್ತದೆ. ನಮ್ಮಲ್ಲಿ ಬೇರೆ ಬೇರೆ ಬ್ಯಾಂಕ್‌ಗಳನ್ನು ಹಾಗೆ ಕೂಡಿಸುವ ಪ್ಲಾಸ್ಟಿಕ್ ಕಾರ್ಡ್ ನನ್ನ ಕೈಗೆ ಸಿಕ್ಕಿಲ್ಲ. ಸಿಕ್ಕಿದ್ದು ಅದರ ತಮ್ಮಂದಿರು.

ಮೊದಲನೆಯದು ಎರಡು ಚಿಪ್‌ನ ಕಾರ್ಡ್. ಒಂದು ತುದಿ ಡೆಬಿಟ್, ಇನ್ನೊಂದು ತುದಿ ಕ್ರೆಡಿಟ್. ಎರಡೂ ಒಂದೇ ಬ್ಯಾಂಕ್‌ನದಾಗಿರಬೇಕು, ಅಲ್ಲಿಗೆ ನನ್ನ ಅರ್ಧ ಆಸೆ ಮುಗಿಯಿತು. ಬಂಕ್‌ನಲ್ಲಿ ಹುಡುಗ ಕಾರ್ಡ್ ತಗೊಂಡು ಹಿಂದೆ ಮುಂದೆ ತಿರುಗಿಸಿ "ಅಣ್ಣ, ಯಾವ ಕಡೆ ಹಾಕ್ಲಿ?" ಅಂತ ಕೇಳುತ್ತಿದ್ದ. ಪ್ರತಿ ಸಲ ಹೇಳಬೇಕು, ಮೇಲೆ ಎರಡು ಪಿನ್ ನೆನಪಿಡಬೇಕು. ಎಟಿಎಂನಲ್ಲಂತೂ ಎಚ್ಚರ ಬೇಕೇ ಬೇಕು. ಕ್ರೆಡಿಟ್ ತುದಿಯಿಂದ ನಗದು ತೆಗೆದರೆ ಅದಕ್ಕೊಂದು ಚಾರ್ಜ್, ಜೊತೆಗೆ ಅವತ್ತಿನಿಂದಲೇ ಬಡ್ಡಿ. ಕಾರ್ಡ್ ಕಳೆದರೆ ಎರಡೂ ಒಟ್ಟಿಗೆ ಹೋಗುತ್ತವೆ. ಸ್ಮಾರ್ಟ್‌ಫೋನ್ ಬೇಡ ಅನ್ನುವವರಿಗೆ ಇದರಲ್ಲಿ ಒಂದು ಅನುಕೂಲ ಇದೆ, ಚಾರ್ಜಿಂಗ್ ಚಿಂತೆ ಇಲ್ಲ. ಅದಕ್ಕಿಂತ ಜಾಸ್ತಿ ಹೇಳಲು ನನಗೇನೂ ಕಾಣಲಿಲ್ಲ.

ಎರಡನೆಯದು ಫೋನ್ ಮುಟ್ಟಿಸಿ ಕೊಡುವ ವ್ಯಾಲೆಟ್. ನಿಮ್ಮ ಕಾರ್ಡ್‌ಗಳನ್ನು ಫೋನ್‌ಗೆ ಸೇರಿಸುತ್ತೀರಿ, ಮೆಷಿನ್ ಹತ್ತಿರ ಹಿಡಿದು ಬೆರಳು ಒತ್ತಿದರೆ ಮುಗಿಯಿತು. ಸೇರಿಸುವಾಗ ನಿಮ್ಮ ಅಸಲಿ ಕಾರ್ಡ್ ನಂಬರ್ ಫೋನ್‌ನಲ್ಲಿ ಕೂರುವುದಿಲ್ಲ, ಅದರ ಬದಲು ಬೇರೆ ನಂಬರ್ ಕೊಡುತ್ತಾರೆ. ಇದಕ್ಕೆ ಟೋಕನ್ ಅನ್ನುತ್ತಾರೆ. ರಿಸರ್ವ್ ಬ್ಯಾಂಕ್ ಇದಕ್ಕೆ 2019ರ ಜನವರಿಯಲ್ಲಿ ಅನುಮತಿ ಕೊಟ್ಟಿತು. ಸುರಕ್ಷತೆಗೆ ಇದು ಬಹಳ ಒಳ್ಳೆಯದು. ಅಂಗಡಿಯವರ ಕೈಗೆ ಕಾರ್ಡ್ ಹೋಗುವುದೇ ಇಲ್ಲ, ಅಲ್ವಾ?

ಆದರೆ ಈ ಟೋಕನ್ ಒಂದು ಪೇಚಿಗೂ ಸಿಕ್ಕಿಸಿತು. ಬೆಂಗಳೂರು ರಸ್ತೆಯ ಒಂದು ಬಟ್ಟೆ ಅಂಗಡಿಯಲ್ಲಿ ಅಕ್ಕನ ಮಗಳಿಗೆ ಚೂಡಿದಾರ್ ತಂದಿದ್ದೆ. ಅಳತೆ ಆಗದೆ ವಾಪಸ್ ಒಯ್ದೆ. ಕೌಂಟರ್‌ನಲ್ಲಿದ್ದವರು ಸ್ಲಿಪ್ ಪಕ್ಕ ನನ್ನ ಕಾರ್ಡ್ ಇಟ್ಟು ಕೊನೆಯ ನಾಲ್ಕು ಅಂಕಿ ಹೋಲಿಸಿದರು. "ನಂಬರ್ ಕೂಡ್ತಿಲ್ಲ ಸಾರ್, ಇದು ಆ ಕಾರ್ಡ್ ಅಲ್ಲ." ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಸ್ಲಿಪ್ ಮೇಲೆ ಬಿದ್ದಿದ್ದು ಟೋಕನ್‌ನ ಅಂಕಿ. ವ್ಯಾಲೆಟ್ ತೆರೆದು, ಆ ಕಾರ್ಡ್‌ನ ವಿವರದಲ್ಲಿ ಇನ್ನೊಂದು ನಂಬರ್‌ನ ಕೊನೆಯ ನಾಲ್ಕು ಅಂಕಿ ತೋರಿಸಿದೆ. ಅದು ಸ್ಲಿಪ್‌ಗೆ ಸರಿಯಾಗಿ ಕೂಡಿತು. ಮ್ಯಾನೇಜರ್ ಬಂದು ಒಮ್ಮೆ ನೋಡಿ ದುಡ್ಡು ವಾಪಸ್ ಹಾಕಿಸಿದರು. ಫೋನ್ ಮುಟ್ಟಿಸಿ ಕೊಂಡ ಸಾಮಾನು ವಾಪಸ್ ಮಾಡುವವರು ಈ ಜಾಗ ಗುರುತಿಟ್ಟುಕೊಳ್ಳಿ.

ಇದರ ಮಿತಿ ಬೇರೆ ಇದೆ. ಎಲ್ಲ ಬ್ಯಾಂಕ್‌ನ ಕಾರ್ಡ್ ಇದರಲ್ಲಿ ಸೇರುವುದಿಲ್ಲ, ನನ್ನವೂ ಎಲ್ಲ ಸೇರಲಿಲ್ಲ. ಕಾರ್ಡ್ ಮೆಷಿನ್ ಇರುವ ಅಂಗಡಿಯಲ್ಲಷ್ಟೇ ಉಪಯೋಗ. ಕೌಲ್ ಬಜಾರ್‌ನ ಸಣ್ಣ ಅಂಗಡಿಗಳಲ್ಲಿ ಮೆಷಿನ್ ಎಲ್ಲಿಂದ ಬರಬೇಕು? ಮೆಷಿನ್ ಇದ್ದರೂ ಕೆಲವರು "ಕಾರ್ಡ್ ಆದ್ರೆ ಎರಡು ಪರ್ಸೆಂಟ್ ಜಾಸ್ತಿ" ಅಂತ ಮೊದಲೇ ಹೇಳಿಬಿಡುತ್ತಾರೆ.

ಮೂರನೆಯದು ದಿನಾ ಬಳಸುವ ಯುಪಿಐ. ಇದನ್ನು ಯಾರೂ "ಹಲವು ಕಾರ್ಡ್ ಸೇರಿದ ಒಂದು ಕಾರ್ಡ್" ಅಂತ ನೋಡುವುದಿಲ್ಲ. ನನಗೆ ಬೇಕಾಗಿದ್ದಕ್ಕೆ ಎಲ್ಲಕ್ಕಿಂತ ಹತ್ತಿರ ಬಂದಿದ್ದು ಇದೇ. ಒಂದೇ ಆ್ಯಪ್‌ನಲ್ಲಿ ಹಲವು ಬ್ಯಾಂಕ್‌ನ ಅಕೌಂಟ್ ಸೇರಿಸಬಹುದು. ಕೊಡುವ ಮುಂಚೆ ಕೆಳಗೆ ಬ್ಯಾಂಕ್ ಹೆಸರು ಮುಟ್ಟಿ ಬದಲಿಸಿದರೆ ಸಾಕು. ದಾರದ ಅಂಗಡಿಗೆ ಕರೆಂಟ್ ಅಕೌಂಟ್, ಹಾಲಿಗೆ ಮನೆಯ ಅಕೌಂಟ್. 2022ರಿಂದ ರುಪೇ ಕ್ರೆಡಿಟ್ ಕಾರ್ಡ್ ಕೂಡ ಇದಕ್ಕೆ ಜೋಡಿಸಬಹುದು. ಕಾರ್ಡ್ ಮೆಷಿನ್ ಇಲ್ಲದ ಅಂಗಡಿಯಲ್ಲೂ ಕ್ಯೂಆರ್ ನೋಡಿ ಕ್ರೆಡಿಟ್‌ನಲ್ಲಿ ಕೊಡಬಹುದು. ಸಣ್ಣ ವ್ಯಾಪಾರಿಗೆ 2,000 ರೂಪಾಯಿವರೆಗಿನ ಪಾವತಿಗೆ ಇದರಲ್ಲಿ ಕಮಿಷನ್ ಹೊರೆ ಇಲ್ಲ, ಹಾಗಾಗಿ ಎರಡು ಪರ್ಸೆಂಟ್ ಮಾತು ಬರುವುದಿಲ್ಲ.

ಕೆಲವು ಕಡೆ ತಡೆಯುತ್ತದೆ. ವೀಸಾ, ಮಾಸ್ಟರ್‌ಕಾರ್ಡ್‌ನ ಕ್ರೆಡಿಟ್ ಕಾರ್ಡ್ ಇಲ್ಲಿ ಸೇರುವುದಿಲ್ಲ. ಕ್ರೆಡಿಟ್‌ನಲ್ಲಿ ಅಂಗಡಿಗೆ ಕೊಡಬಹುದು, ಮನುಷ್ಯರ ಸ್ವಂತ ಅಕೌಂಟ್‌ಗೆ ಕೊಡಲು ಬರುವುದಿಲ್ಲ. ನಾನು ಸಂಜೆ ಮಂಡಕ್ಕಿ ಮಿರ್ಚಿ ತಿನ್ನುವ ಬಂಡಿಯಲ್ಲಿ ಅಂಟಿಸಿರುವುದು ಮಾಲೀಕರ ಸ್ವಂತ ನಂಬರ್‌ನ ಕ್ಯೂಆರ್. ಅಲ್ಲಿ ಕ್ರೆಡಿಟ್ ನಡೆಯುವುದಿಲ್ಲ, ಬ್ಯಾಂಕ್ ಅಕೌಂಟ್ ನಡೆಯುತ್ತದೆ. ಇಂಥ ಸಣ್ಣ ಖರ್ಚಿಗೆ, ಆ್ಯಪ್‌ನಲ್ಲೇ ಸ್ವಲ್ಪ ದುಡ್ಡು ಮೊದಲೇ ತುಂಬಿಟ್ಟು ಕೊಡುವ ಯುಪಿಐ ಲೈಟ್ ಒಳ್ಳೆಯದು. 1,000 ರೂಪಾಯಿವರೆಗೆ ಪಿನ್ ಬೇಡ, ಒಟ್ಟು 5,000 ಇಟ್ಟುಕೊಳ್ಳಬಹುದು. ಪಾಸ್‌ಬುಕ್ ತುಂಬ ಇಪ್ಪತ್ತು ಮೂವತ್ತು ರೂಪಾಯಿಯ ಸಾಲುಗಳು ಬರುವುದೂ ತಪ್ಪುತ್ತದೆ.

ಶುರು ಮಾಡುವಾಗ ಒಂದು ಮುಖ್ಯ ಕೆಲಸ ಇದೆ. ಸೇರಿಸುವ ಎಲ್ಲ ಅಕೌಂಟ್‌ಗೂ ಒಂದೇ ಮೊಬೈಲ್ ನಂಬರ್ ಇರಬೇಕು. ಹಳ್ಳಿಯ ಬ್ಯಾಂಕ್‌ನಲ್ಲಿ ಎಷ್ಟೋ ವರ್ಷದ ಹಿಂದೆ ಕೊಟ್ಟ ನಂಬರ್ ಇದ್ದರೆ ಶಾಖೆಗೆ ಹೋಗಿ ಬದಲಿಸಿ ಬನ್ನಿ. ಪಿನ್ ಇಡಲು ಡೆಬಿಟ್ ಕಾರ್ಡ್‌ನ ಕೊನೆಯ ಆರು ಅಂಕಿ ಬೇಕು, ಇಲ್ಲವೇ ಆಧಾರ್ ಒಟಿಪಿ. ಇಬ್ಬರ ಸಹಿ ಬೇಕಾದ ಅಕೌಂಟ್ ಇಲ್ಲಿ ನಡೆಯುವುದಿಲ್ಲ.

ಖರ್ಚಿನ ವಿಚಾರದಲ್ಲಿ ನನಗೆ ಯುಪಿಐ ಹೆಚ್ಚು ಹಿಡಿಸಿತು. ಫೋನ್ ವ್ಯಾಲೆಟ್‌ಗೆ ಕಾರ್ಡ್‌ಗಳು ಜೀವಂತ ಇರಲೇಬೇಕು. ಒಂದೊಂದಕ್ಕೂ ಬ್ಯಾಂಕ್‌ನವರು ವರ್ಷದ ಚಾರ್ಜ್, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಹಿಡಿಯುತ್ತಾರೆ. ಯುಪಿಐ ನಿಂತಿರುವುದು ಅಕೌಂಟ್ ಮೇಲೆ. ಬಳಸದ ಡೆಬಿಟ್ ಕಾರ್ಡ್ ಶಾಖೆಗೆ ವಾಪಸ್ ಕೊಟ್ಟರೂ ಅಕೌಂಟ್ ಆ್ಯಪ್‌ನಲ್ಲಿ ಉಳಿಯುತ್ತದೆ. ನಾನು ಹಾಗೇ ಕಡಿಮೆ ಮಾಡಿದೆ.

ಒಂದು ಕಾರ್ಡ್ ಮಾತ್ರ ಉಳಿಸಿಕೊಂಡೆ, ಮನೆ ಖರ್ಚಿನ ಅಕೌಂಟ್‌ನದು. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಫೋನ್ ಕಾದು ತಾನೇ ಆಫ್ ಆಗುವುದನ್ನು ಕಂಡಿದ್ದೇನೆ. ಸಿಮ್ ಹಾಳಾದರೆ ಯುಪಿಐ ಪೂರ್ತಿ ನಿಲ್ಲುತ್ತದೆ, ಯಾಕೆಂದರೆ ಆ್ಯಪ್ ಗುರುತು ಹಿಡಿಯುವುದೇ ಸಿಮ್‌ನಿಂದ. ಆ ಕಾರ್ಡನ್ನು ಫೋನ್ ಕವರ್ ಒಳಗೆ ಇಡಬೇಡಿ. ಫೋನ್ ಹೋದರೆ ಅದೂ ಜೊತೆಗೇ ಹೋಗುತ್ತದೆ. ನಂದು ಗಾಡಿಯ ಆರ್‌ಸಿ ಜೊತೆ, ಬೇರೆ ಪರ್ಸ್‌ನಲ್ಲಿದೆ.