ಗ್ರೂಪ್ ಚಾಟ್‌ನ ಮನಸ್ಸು ಅಳೆಯಲು: ಪದಪಟ್ಟಿಯೋ, ಮಾಡೆಲ್ಲೋ, ಕೈಲೆಕ್ಕವೋ?

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ವಾಟ್ಸಾಪ್ ಗ್ರೂಪಿನಲ್ಲಿ ಮಳೆಗಾಲವಿಡೀ ಜನರ ಮನಸ್ಸು ಹೇಗೆ ಏರಿಳಿಯಿತು ಅಂತ ಗ್ರಾಫ್ ಮಾಡಬೇಕು, ಯಾವ ದಾರಿ ಹಿಡಿಯಲಿ ಅಂತ ಕೇಳಿದ್ದೀರಿ.

ಖರ್ಚು ನೋಡಿದರೆ ಪದಪಟ್ಟಿಯೇ ಅಗ್ಗ. ಅಂದರೆ ಯಾವ ಪದ ಖುಷಿಯದು, ಯಾವುದು ಬೇಸರದ್ದು ಅಂತ ಅಂಕ ಕೊಟ್ಟಿಟ್ಟ ಪಟ್ಟಿ. ಇಂಥ ಪಟ್ಟಿ ಬಳಸುವ 2014ರ ವೇಡರ್ (VADER) ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಪ್ರತಿ ಮೆಸೇಜಿಗೆ -1 (ತೀರಾ ಬೇಸರ)ರಿಂದ +1 (ತುಂಬಾ ಖುಷಿ)ರೊಳಗೆ ಅಂಕ ಕೊಡುತ್ತದೆ. ಆದರೆ ಅದರ ಪಟ್ಟಿ ಇಂಗ್ಲಿಷಿನದು. ಕನ್ನಡದ್ದು ನೀವೇ ಕಟ್ಟಬೇಕು.

ನಿಜವಾದ ತಲೆನೋವು ನಿಖರತೆಯದು. "ತೋಟಕ್ಕೆ ಕೊಳೆ ರೋಗ ಬಂತು ಮಾರಾಯ, ಈ ಸಲ ಭಾರೀ ಲಾಭ" ಅಂತ ಒಬ್ಬರು ನಗುವ ಇಮೋಜಿ ಹಾಕಿ ಬರೆದರು ಅನ್ನಿ. ಪದಪಟ್ಟಿ 'ಲಾಭ' ನೋಡಿ ಖುಷಿ ಅಂದುಬಿಡುತ್ತದೆ! ಮಾಡೆಲ್ ಅಂದರೆ ರಾಶಿ ಬರಹ ಓದಿ ಭಾಷೆ ಕಲಿತ ಕಂಪ್ಯೂಟರ್ ಪ್ರೋಗ್ರಾಂ. ಭಾರತದ ಭಾಷೆಗಳಿಗೆಂದೇ ಮಾಡಿದ ಗೂಗಲ್‌ನ ಮ್ಯೂರಿಲ್ (MuRIL) ಮಾಡೆಲ್‌ಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವೂ ಅಷ್ಟಿಷ್ಟು ಗೊತ್ತು. ಆದರೆ ಭಾವನೆ ಗುರುತಿಸುವುದನ್ನು ಕಲಿಸಲು 'ಇದು ಖುಷಿ, ಇದು ಸಿಟ್ಟು' ಅಂತ ಮೊದಲೇ ಗುರುತು ಹಾಕಿದ ಮೆಸೇಜುಗಳು ರಾಶಿ ಬೇಕು. ವ್ಯಂಗ್ಯಕ್ಕೆ ಅದೂ ಎಡವುತ್ತದೆ. ಕೈಲೆಕ್ಕದಲ್ಲಿ, ಅಂದರೆ ಊರಿನವರೇ ಕೂತು ಓದಿ ಗುರುತು ಹಾಕಿದರೆ, ಎಡವುವುದು ಕಡಿಮೆ, ಸಮಯ ಮಾತ್ರ ಜಾಸ್ತಿ. ಇಬ್ಬರು ಬೇರೆಬೇರೆ ಗುರುತು ಹಾಕಿ ತಾಳೆ ನೋಡಿ.

ಗ್ರಾಫಿಗೆ ಒಂದೇ ಗೆರೆ ಸಾಲದು. ಸಿಟ್ಟೂ ಮೈನಸ್, ಭಯವೂ ಮೈನಸ್, ಅಲ್ವಾ? ಒಂದೊಂದಕ್ಕೂ ಬೇರೆ ಬಣ್ಣ ಕೊಡಿ.

ಕೆಲವು ನೂರು ಮೆಸೇಜಿದ್ದರೆ ಕೈಲೆಕ್ಕ. ವರ್ಷಗಟ್ಟಲೆ ಚಾಟ್ ಇದ್ದು ಕೋಡಿಂಗ್ ಬಲ್ಲವರು ಜೊತೆಗಿದ್ದರೆ ಮಾಡೆಲ್. ಸುಮ್ನೆ ಒಂದು ಅಂದಾಜು ಸಾಕೆಂದರೆ ಪದಪಟ್ಟಿ. ಯಾವುದಾದರೂ ಸರಿ, ಮೊದಲು ಗ್ರೂಪಿನವರ ಒಪ್ಪಿಗೆ ಕೇಳಿ, ಹೆಸರು, ನಂಬರ್ ತೆಗೆದುಹಾಕಿ.